ಬೋಣಿ ಆಗೂ ಮೊದಲ ಕೇಳಬಾರದ ಪ್ರಶ್ನೆ

ಧಾರವಾಡ ಸ್ಟೇಷನ್

ಗೋವಾಕ್ಕ ಹೊಂಟೇನಿ ಅಂತ ಗೊತ್ತಾದ ಕೂಡಲೇ ನಮ್ಮ ಓಣಿಯ ಮಂದಿ ನನ್ನನ್ನ ನೋಡೋ ರೀತಿನ ಬದಲಾತು. ಬಾಜೂ ಮನಿಯವರು ಕಟ್ಟಿಗೆ ಬಂದು, "ಏನವಾ, ಫಾರಿನ್ನಿಗೆ ಹೊಂಟೀಯಂತ?" ಅಂದ್ರು. ಮುಂಜಾನೆ ಗಾಡಿ ಹತ್ತಿದ್ರ ಮಧ್ಯಾಹ್ನಕ್ಕ ಮುಟ್ಟೋ ಊರದು. ಆದ್ರ ನಮ್ಮ ಓಣಿಯ ಲೆಕ್ಕದಾಗ ಲೋಂಡಾ ದಾಟಿದ್ರ ಪರದೇಶ. ಅಲ್ಲಿ ಮಂದಿ ಬ್ಯಾರೆ ಮಾತಾಡತಾರ, ಬ್ಯಾರೆ ಉಣ್ಣತಾರ, ಸಮುದ್ರದ ದಂಡಿಗೆ ಅರ್ಧ ಬಟ್ಟಿ ಹಾಕ್ಕೊಂಡು ಬಿಸಿಲಿಗೆ ಮಲಗತಾರ. ಪರದೇಶ ಅನ್ನಾಕ ಮತ್ತೇನು ಬೇಕು? ಸಾಲಿ ಕಲಸೂದು ಮುಗಿದ ಮ್ಯಾಲೆ ಮನ್ಯಾಗ ಇರೂದು ಬಿಟ್ಟು, ಈ ವಯಸ್ಸಿನ್ಯಾಗ ಈಕಿಗೆ ಅಲ್ಲೇನು ಕೆಲಸ ಅನ್ನೋದು ಅವರ ಚಿಂತಿ.

ಕೆಲಸ ಒಂದು ಪೆಟ್ಟಿಗಿದು. ಸಾಲಿ ಬಿಟ್ಟ ಮ್ಯಾಲೆ ನಾನು ಸೇರಿದ ಸಂಸ್ಥೆಯವರು ಅದನ್ನ ತಯಾರ ಮಾಡಿದ್ರು. ಒಳಗ ಕಂಪ್ಯೂಟರ್, ಮುಂದ ಬೆರಳಿಲೆ ಮುಟ್ಟಿದ್ರ ತಿಳಕೊಳ್ಳೋ ಗಾಜು. ಟಚ್ ಫೋನು ಇನ್ನ ದೊಡ್ಡ ಸಾಹೇಬರ ಕಿಸೆದಾಗ ಅಷ್ಟ ಇದ್ದ ಕಾಲ ಅದು. ಗೋವಾದಾಗ ದುಡಿಯೋ ನಮ್ಮ ಕಡೆ ಮಂದಿ, ಅಂದ್ರ ಮನಿ ಕಟ್ಟೋರು, ಮಡ್ಕಯಿ ಊರಿನ ಫ್ಯಾಕ್ಟರಿಯೊಳಗ ದುಡಿಯೋರು, ದಂಡಿ ಮ್ಯಾಲೆ ಮಣಿಸರ ಮಾರೋ ಹೆಣ್ಮಕ್ಕಳು, ಓದಾಕ ಬರದಿದ್ರೂ ಇದನ್ನ ಮುಟ್ಟಿ ತಮಗ ಬೇಕಾದ್ದು ತಾವ ತಿಳಕೋಬೇಕು ಅನ್ನೋದು ಆಸೆ. ಸಾಲಿ ಎಲ್ಲೈತಿ, ದವಾಖಾನಿ ಎಲ್ಲೈತಿ, ಯಾವ ಜಡ್ಡಿಗೆ ಏನು ಮಾಡಬೇಕು, ಎಲ್ಲಾ ಅದರಾಗ ಇತ್ತು. ಚಿತ್ರ ಬರತಿತ್ತು, ಪೆಟ್ಟಿಗಿ ಪ್ರಶ್ನೆ ಕೇಳತಿತ್ತು, ಕೇಳಿದವರು ಹಸಿರು ಗುಂಡಿ ಮುಟ್ಟಿ "ಹೌದು" ಅನ್ನಬೇಕು, ಇಲ್ಲಾ ಕೆಂಪು ಗುಂಡಿ ಮುಟ್ಟಿ "ಇಲ್ಲ" ಅನ್ನಬೇಕು. ಪ್ರಶ್ನೆ ಕೇಳೋ ದನಿ ನಂದ. ಸ್ಟುಡಿಯೋದಾಗ ಕುಂತು ದನಿ ಕೊಟ್ಟು ಬಂದಿದ್ದೆ.

ಪೆಟ್ಟಿಗಿ ಮಾಡಿದ ಇಂಜಿನಿಯರು ಸಂಜೀವ ಸರ್, ನನಗಿಂತ ಭಾಳ ಸಣ್ಣವರು, ಕೊಟ್ಟ ಅಪ್ಪಣೆ ಒಂದ. "ಮೇಡಂ, ನೀವು ಕಲಸಬ್ಯಾಡ್ರಿ. ಅವರು ತಪ್ಪಿದ್ರೂ ತಿದ್ದಬ್ಯಾಡ್ರಿ. ಸುಮ್ಮನ ಕುಂತು ನೋಡ್ರಿ. ಮನಸಿನ್ಯಾಗ ಬಂದದ್ದನ್ನ ಬಾಯಿ ಬಿಟ್ಟು ಹೇಳಕೋತ ಮುಟ್ರಿ ಅಂತ ಅವರಿಗೆ ಹೇಳ್ರಿ, ಅಷ್ಟ. ನೀವು ನಡುವ ಬಾಯಿ ಹಾಕಿದ್ರ ಪರೀಕ್ಷೆ ಪೆಟ್ಟಿಗಿದಲ್ಲ, ನಿಮ್ಮದಾಗತೈತಿ." ಅರ್ಧ ಆಯುಷ್ಯ ಹುಡುಗರ ಮುಂದ ಒದರಿದಾಕಿಗೆ ಸುಮ್ಮನ ಕುಂಡ್ರು ಅಂದ್ರ ಹೆಂಗಾಗಬ್ಯಾಡ?

ಗಾಡಿಯೊಳಗ ಪೆಟ್ಟಿಗಿಗೆ ಹಳೇ ಚಾದರ ಹೊದಿಸಿ ಕಿಟಕಿ ಬಾಜೂ ಕುಂಡ್ರಿಸಿದ್ದೆ. ಎದುರಿಗೆ ಕುಂತ ಅಜ್ಜಿ ಭಾಳ ಹೊತ್ತು ಅದನ್ನ ನೋಡಿ, "ಯಾವ ದೇವರವಾ?" ಅಂದಳು. ಕಂಪ್ಯೂಟರ್ ಅಂದೆ. ಆಕಿ ನಂಬಲಿಲ್ಲ. ದೂಧಸಾಗರ ಜಲಪಾತ ಬಂದಾಗ ಡಬ್ಬಿ ಮಂದಿಯೆಲ್ಲಾ ಕಿಟಕಿಗೆ ಓಡಿದ್ರು. ಅಜ್ಜಿ ಮಾತ್ರ ಚಾದರಕ್ಕ ಕೈ ಮುಗಿದು ಅದರ ಮುಂದ ಒಂದು ಬಾಳಿಹಣ್ಣು ಇಟ್ಟಳು. ಆಕಿ ಇಳದ ಮ್ಯಾಲೆ ಅದನ್ನ ನಾನ ತಿಂದೆ.

ಮಡಗಾಂವ್

ಮಡಗಾಂವಿನ್ಯಾಗ ಇಳದಾಗ ನೆನಪಾತು, ಪೆಟ್ಟಿಗಿಗೆ ಕರೆಂಟು ಕೊಡೋ ಉದ್ದನ್ನ ವಾಯರಿನ ಬೋರ್ಡು ಧಾರವಾಡದಾಗ ಉಳದೈತಿ. ದೊಡ್ಡ ಪ್ಯಾಟಿ, ಸಿಗತೈತಿ ಬಿಡು ಅಂತ ಹೋದೆ. ಹೋದ್ರ ಇಡೀ ಪ್ಯಾಟಿ ಮಲಗಿತ್ತು. ಒಂದರ ಹಿಂದ ಒಂದು ಶಟರ್ ಕೆಳಗ. ಒಂದು ಅಂಗಡಿಯ ಶಟರ್ ಅರ್ಧ ತಗದಿತ್ತು, ಬಗ್ಗಿ ನೋಡಿದೆ. ಒಳಗ ಒಬ್ಬಾಂವ ಚಾಪಿ ಹಾಸಿ ಮಲಗಿದ್ದ. ಕಣ್ಣು ತಗೀದ ಕೊಂಕಣಿಯೊಳಗ "ಸಂಜಿಗೆ ಬಾ" ಅಂದ. ಅವನ ದನಿಯೊಳಗ ಸಿಟ್ಟು ಇರಲಿಲ್ಲ, ಅವಸರಂತೂ ಮೊದಲ ಇರಲಿಲ್ಲ.

ಧಾರವಾಡದಾಗೂ ನಾವು ಮಧ್ಯಾಹ್ನ ಮಲಗತೀವಿ, ಸುಳ್ಳ್ಯಾಕ ಹೇಳಲಿ. ಆದ್ರ ನಾವು ಅಂಗಡಿ ತಗದಿಟ್ಟು ಮಲಗತೀವಿ. ಗಿರಾಕಿ ಬಂದು ಎಬ್ಬಿಸಬೇಕು, ನಾವು ಸಿಟ್ಟಿಗೇಳಬೇಕು, ಆಮ್ಯಾಲೆ ವ್ಯಾಪಾರ. ಇಲ್ಲಿಯವರು ಕದಾ ಹಾಕಿ ಮಲಗತಾರ. ಇದ ಹೆಚ್ಚು ಪ್ರಾಮಾಣಿಕ ಅಂತ ನನಗ ಅನಸ್ತು. ನಾನೂ ಬೇರೆ ದಾರಿ ಕಾಣದ ಮುಚ್ಚಿದ ಅಂಗಡಿಯ ಮೆಟ್ಟಲ ಮ್ಯಾಲೆ ಪೆಟ್ಟಿಗಿಗೆ ತಲಿ ಆನಿಸಿ ತೂಕಡಿಸಿದೆ.

ಸಂಜಿಗೆ ಬೋರ್ಡು ಸಿಕ್ತು. ನಾನು ಹೋಗಬೇಕಾದ ಊರು ಕಾಣಕೋಣ, ಆ ಬಸ್ಸಿನ ಕಂಡಕ್ಟರ್ ಸೀಟಿ ಊದಿ, ಪೆಟ್ಟಿಗಿಯನ್ನ ಡ್ರೈವರ್ ಬಾಜೂ ಇಂಜಿನ್ನಿನ ಮ್ಯಾಲೆ ಇಡಿಸಿದ. ಅದರ ಬಗಲಿಗೆ ಮೀನಿನ ಬುಟ್ಟಿ ಬಂದವು. ಆಮ್ಯಾಲೆ ಅದರ ಮ್ಯಾಲೂ ಬಂದವು. ಧಾರವಾಡದಿಂದ ದೇವರಾಗಿ ಹೊಂಟದ್ದು ಕಾಣಕೋಣಕ್ಕ ಮೀನಾಗಿ ಮುಟ್ಟಿತು.

ಕಾಣಕೋಣ, ಮುಂಜಾನೆ

ನಾನು ಇಳಕೊಂಡದ್ದು ಸಮುದ್ರದ ದಂಡಿಗೆ ಹತ್ತಿರ, ಫಿಲೋಮೆನಾಬಾಯಿಯ ಮನ್ಯಾಗ. ಗಂಡ ಹಡಗಿನ ಮ್ಯಾಲೆ, ಮನ್ಯಾಗ ಆಕಿನ ರಾಜ್ಯ. ನಾನು ಮೀನು ತಿನ್ನಂಗಿಲ್ಲ ಅಂದದ್ದಕ್ಕ ಆಕಿಗೆ ಭಾಳ ಕೆಟ್ಟನಸ್ತು, ನನಗ ಏನೋ ದೊಡ್ಡ ಜಡ್ಡು ಐತಿ ಅಂತ ತಿಳಕೊಂಡಳು. ರಾತ್ರಿ ಊಟಕ್ಕ ಮೀನಿನ ಸಾರಿನ್ಯಾಗಿಂದ ಮೀನು ತಗದು, ಬರೇ ಸಾರು ಬಡಿಸಿ, "ಈಗ ತಿನ್ನು" ಅಂತ ಹಿಂದಿಯೊಳಗ ಧೈರ್ಯ ಹೇಳಿದಳು. ಬೆಳಗಾಗೂಕ ಸೈಕಲ್ಲಿನಾಂವ ಪೋಂ ಪೋಂ ಅಂತ ಹಾರ್ನ್ ಒತ್ತಕೋತ ಬಂದು ಬಿಸಿ ಪಾವು ಕೊಟ್ಟು ಹೋದ. ನಮ್ಮ ಓಣಿಯೊಳಗ ಹಿಂಗ ರೊಟ್ಟಿ ಬಂದಿದ್ರ ಎಷ್ಟು ಮಂದಿ ಹೆಣ್ಮಕ್ಕಳ ಬೆನ್ನು ಉಳೀತಿತ್ತೋ ಏನೋ.

ಪೆಟ್ಟಿಗಿಯನ್ನ ಆಕಿಯ ಪಡಸಾಲಿಯೊಳಗ ಹೂಡಿದೆ. ದಂಡಿ ಮ್ಯಾಲೆ ಮಣಿಸರ ಮಾರೋ ನಮ್ಮ ಕಡೆ ಹೆಣ್ಮಕ್ಕಳು, ಗಿರಾಕಿ ಏಳೂಕಿಂತ ಮೊದಲ ಬಿಡುವು ಇರತೈತಿ ಅಂತ, ಮುಂಜಾನೆ ಮುಂಜಾನೆನ ಬಂದ್ರು. ಎಲ್ಲಾರ ಮುಂದ ನೀಲವ್ವ. ಹೆಗಲ ಮ್ಯಾಲೆ ಸರಗಳ ಗೊಂಚಲು, ಕೈತುಂಬ ಬಳಿ, ಹಲ್ಲಿಗೆ ಎಲಿಅಡಿಕಿ ಬಣ್ಣ. ವರ್ಷಾ ಮಳಿಗಾಲಕ್ಕ ಬಾಗಲಕೋಟಿ ಕಡೆ ಊರಿಗೆ ಹೋಗಿ ಸೀಜನ್ನಿಗೆ ಹೊಳ್ಳಿ ಬರೋ ಹೆಣ್ಮಗಳು. ಸರ ಎಲ್ಲಾ ಆಕಿನ ಪೋಣಿಸೂದು, ಉಳದವರು ಆಕಿ ಕಡೆಯಿಂದ ಒಯ್ದು ಮಾರತಿದ್ರು.

ಗಾಜು ಮುಟ್ಟಿದ ಕೂಡಲೇ ಪೆಟ್ಟಿಗಿ ನನ್ನ ದನಿಯೊಳಗ "ನಮಸ್ಕಾರ" ಅಂತು. ನೀಲವ್ವ ಪೆಟ್ಟಿಗಿ ಬಿಟ್ಟು ನನ್ನ ಕಡೆ ತಿರುಗಿ ನಮಸ್ಕಾರ ಮಾಡಿದಳು. "ನೀವು ಇಲ್ಲೇ ಕುಂತೀರಿ. ಒಳಗ ಮತ್ಯಾರ್ರೀ?" ಅಂದಳು. ನಾನು ಅಪ್ಪಣೆಯಂತೆ ಸುಮ್ಮನ ಕುಂತೆ. "ಅಕ್ಕಾರದು ಮೌನ ಇರಬೇಕು ಇವತ್ತ," ಅಂತ ತಾನ ಉಳದವರಿಗೆ ತಿಳಿಸಿ ಹೇಳಿದಳು. ಅವರೂ ಗೌರವದಿಂದ ದನಿ ಇಳಿಸಿದ್ರು.

ಪೆಟ್ಟಿಗಿ ಕೇಳತಾ ಹೋತು, ನೀಲವ್ವ ಮುಟ್ಟತಾ ಹೋದಳು. ಮಕ್ಕಳದಾರೇನು? ಹೌದು. ಸಾಲಿಗೆ ಹೋಗತಾರೇನು? ಹೌದು. ಈಗ ನೀವು ಬಸುರಿ ಅದೀರೇನು? ಹೌದು. ಪೆಟ್ಟಿಗಿ ನನ್ನ ದನಿಯೊಳಗ ಆಕಿಗೆ ಅಭಿನಂದನೆ ಹೇಳಿ, ದಿನಾ ಹಸಿರು ಪಲ್ಲೆ ತಿನ್ನು, ಭಾರ ಎತ್ತಬ್ಯಾಡ ಅಂತು. ಮೊಮ್ಮಕ್ಕಳನ್ನ ಆಡಿಸೋ ಹೆಣ್ಮಗಳು! ಹೆಣ್ಮಕ್ಕಳು ಬಿದ್ದು ಬಿದ್ದು ನಕ್ಕರು, ನೀಲವ್ವನೂ ಸೆರಗು ಬಾಯಿಗೆ ಒತ್ತಿ ನಕ್ಕಳು. ಆದ್ರ ಕೆಂಪು ಗುಂಡಿ ಕಡೆ ಮಾತ್ರ ಬೆರಳು ಒಯ್ಯಲಿಲ್ಲ. ನನ್ನ ನಾಲಿಗಿ ತುರಸಾಕತ್ತಿತ್ತು. ಕೈ ತೊಡಿ ಕೆಳಗ ಇಟ್ಟು ಕುಂತೆ.

ಕಡೀಕ ಆಕಿ, "ಕಣ್ಣಿಂದು ಏನರ ಐತೇನ್ರಿ ಇದರಾಗ?" ಅಂದಳು. ತಾನ ಹುಡುಕಿ ಕಣ್ಣಿನ ಚಿತ್ರ ಮುಟ್ಟಿದಳು. ಮಣಿ ಸಾಲಿನ ಚಿತ್ರ ಬಂತು. "ಈ ಮಣಿ ಮತ್ತು ಇವುಗಳ ಬಣ್ಣ ನಿಮಗ ಸ್ವಚ್ಛ ಕಾಣತಾವೇನು?" ಅಂತ ಪೆಟ್ಟಿಗಿ ಕೇಳಿತು. ನೀಲವ್ವ ಗಾಜಿನ ಹತ್ತಿರಕ್ಕ ಬಗ್ಗಿದಳು, ಮುಂದ ಮತ್ತಷ್ಟು ಬಗ್ಗಿದಳು. ಹೌದು ಅಂತ ಮುಟ್ಟಿದಳು. "ನಿಮ್ಮ ಕಣ್ಣು ಚಲೋ ಅದಾವ. ದವಾಖಾನಿಗೆ ಹೋಗೂದು ಬೇಕಾಗಿಲ್ಲ," ಅಂತು ನನ್ನ ದನಿ.

"ಕೇಳಿದ್ರಿಲ್ಲೋ?" ಅಂತ ಉಳದವರ ಕಡೆ ತಿರುಗಿದಳು. "ಚಲೋ ಅದಾವಂತ. ಸುಮ್ಮನ ದವಾಖಾನಿ ದವಾಖಾನಿ ಅಂತ ಜೀವಾ ತಿಂತಿದ್ರಿ." ಪೆಟ್ಟಿಗಿಗೆ ಕೈ ಮುಗಿದು, ಗೊಂಚಲು ಹೆಗಲಿಗೇರಿಸಿ ದಂಡಿಗೆ ಹೋದಳು. ಉಳದವರೂ ಒಬ್ಬೊಬ್ಬರ ಕುಂತು, ಹೌದು ಹೌದು ಅಂತ ಮುಟ್ಟಿ, ಆಕಿ ಹಿಂದ ಹೋದ್ರು.

ಸಂಜೀವ ಸರ್‌ಗೆ ಫೋನ್ ಮಾಡಿದೆ. ಒಬ್ಬರೂ ಒಂದ ಸಲನೂ "ಇಲ್ಲ" ಮುಟ್ಟಿಲ್ಲ ಅಂದೆ. "ಎಲ್ಲಾದಕ್ಕೂ ಹೌದಂದಾರಾ! ಮೇಡಂ, ಇಂಥಾ ಯಶಸ್ಸು ನಾ ನೋಡೇ ಇಲ್ಲ," ಅಂದ್ರು ಪಾಪ. ನೀಲವ್ವ ಬಸುರಾದ ಸುದ್ದಿ ಹೇಳಿದೆ. "ಆಮ್ಯಾಲೆ ಮಾತಾಡತೇನ್ರಿ," ಅಂತ ಫೋನ್ ಇಟ್ರು.

ಅದ ದಿನ, ದಂಡಿ ಮ್ಯಾಲೆ

ಮಧ್ಯಾಹ್ನ ಫಿಲೋಮೆನಾಬಾಯಿ ಪಡಸಾಲಿಗೆ ಕೀಲಿ ಹಾಕಿ ಮಲಗಿದಳು. ಆಕಿ ಮಲಗಿದಾಗ ಆ ಮನ್ಯಾಗ ಬೆಕ್ಕೂ ಸಪ್ಪಳ ಮಾಡತಿರಲಿಲ್ಲ. ನಾನು ಛತ್ರಿ ಹಿಡಕೊಂಡು ದಂಡಿಗೆ ಹೋದೆ. ಸೀರಿ ಉಟ್ಟು ಛತ್ರಿ ಹಿಡಿದಾಕಿ ಅಲ್ಲಿ ನಾನೊಬ್ಬಾಕಿನ. ಫಾರಿನ್ ಮಂದಿ ನನ್ನನ್ನ ನೋಡಿದ್ದು ನೋಡಿದ್ರ, ಬಟ್ಟಿ ಕಡಿಮಿ ಹಾಕ್ಕೊಂಡಾಕಿ ನಾನ ಏನೋ ಅನ್ನೋ ಹಂಗಿತ್ತು.

ದೂರದಾಗ ನೀಲವ್ವ ಒಬ್ಬ ಬಿಳಿ ಹೆಣ್ಮಗಳ ಜೋಡಿ ಜಗಳಕ್ಕ ಬಿದ್ದಂಗ ಮಾತಾಡಾಕತ್ತಿದ್ದಳು. ಹತ್ತಿರ ಹೋದೆ. ಆ ಹೆಣ್ಮಗಳು ಕಾಲಿಗೆ ಕಟ್ಟೋ ಸರ ಕೈಯಾಗ ಹಿಡದು, ಇಂಗ್ಲಿಷಿನ್ಯಾಗ, ಇದರಾಗ ಹಸಿರು ಮಣಿ ಬಂದಾವ, ನನಗ ಪೂರಾ ನೀಲಿದು ಬೇಕು ಅನ್ನಾಕತ್ತಿದ್ದಳು. ನೀಲವ್ವ ಅಂದ್ರ, "ಇಲ್ಲ ಇಲ್ಲ! ನೋ ಗ್ರೀನ್! ಆಲ್ ಬ್ಲೂ! ಇಲ್ಲವಾ ತಾಯಿ, ಇಲ್ಲ!" ಆ ಹೆಣ್ಮಗಳು ಸರ ವಾಪಸ್ ಕೊಟ್ಟು ಹೋದಳು.

ನಾನು ನಿಂತಲ್ಲೇ ನಿಂತೆ. ಮುಂಜಾನೆಯಿಂದ ನಾನು ಹುಡುಕಿದ ಶಬ್ದ ಆಕಿ ಬಾಯಾಗ ಹುರಿದ ಶೇಂಗಾದಂಗ ಸಿಡ್ಯಾಕತ್ತಿತ್ತು. "ನೀಲವ್ವಾ, ಮುಂಜಾನೆ ಒಂದ ಸಲನೂ ಇಲ್ಲ ಅನ್ನಲಿಲ್ಲಲ್ಲ?" ಅಂದೆ.

"ಅಯ್ಯ, ಮಾತಾಡಿದ್ರಿ!" ಅಂತ ಖುಷಿಯಾದಳು. "ಬೋಣಿ ಆಗಿರಲಿಲ್ಲಲ್ರೀ ಅಕ್ಕಾರ. ದಿನದ ಮೊದಲನೇ ವ್ಯಾಪಾರ ಆಗೂಮಟಾ ಆ ಮಾತು ಬಾಯಾಗ ತರಬಾರದು. ತಂದ್ರ ದಿನಾ ಎಲ್ಲಾ ಅದ ಆಗತೈತಿ. ಬೆರಳಿಲೆ ಅಂದ್ರೇನು, ಬಾಯಿಲೆ ಅಂದ್ರೇನು? ಈಗ ಬೋಣಿ ಆಗೇತಿ. ಎಷ್ಟು ಬೇಕಾದ್ರೂ ಅಂತೇನಿ."

ಹಣಿ ಹಣಿ ಬಡಕೊಂಡೆ. ನಾನು ಯಾವ ದೇಶದಾಗ ಹುಟ್ಟಿದಾಕಿ? ನಮ್ಮ ಮನ್ಯಾಗೂ ಅಕ್ಕಿ ಖಾಲಿ ಆದ್ರ ಅವ್ವ "ಅಕ್ಕಿ ಹೆಚ್ಚಾಗ್ಯಾವ" ಅಂತಾಳ. ಬಾಗಲಾ ದಾಟೂ ಮುಂದ "ಹೋಗತೇನಿ" ಅಂದ್ರ ಹೊಡದಾಳು, "ಬರತೇನಿ" ಅನ್ನಬೇಕು. ಅಂಥಾ ಮಂದಿಯ ಮುಂದ, ವ್ಯಾಪಾರಸ್ಥರ ಮುಂದ, ಸೂರ್ಯ ಹುಟ್ಟೂಕ ಕೆಂಪು ಗುಂಡಿ ಇಟ್ಟು "ಇಲ್ಲ ಅನ್ನು" ಅಂತ ಕೇಳಿದ್ವಿ. ಪೆಟ್ಟಿಗಿ ಕಟ್ಟಿದವರು ನಾವು, ಅದರಾಗ ಸಿಕ್ಕಿಬಿದ್ದವರೂ ನಾವ.

ನಗು ಬಂತು. ಆಮ್ಯಾಲೆ ಆಕಿ ಕೈಯಾಗಿನ ಸರ ಕಂಡು ನಗು ಹೋತು. ನೀಲಿ ಮಣಿಗಳ ನಡುವ ಹಸಿರು ಅದಾವ, ಒಂದು ಕಡೆ ಕರೀದೂ ಐತಿ. "ನೀಲವ್ವಾ, ಇದು ಯಾವ ಬಣ್ಣ?" ಅಂತ ಕೇಳಿದೆ.

"ಎಲ್ಲಾ ನೀಲೀನ್ರಿ."

"ಹಸಿರು ಬಂದಾವ ನೋಡ್ರಿ. ನಿಮಗ ಕಾಣವಲ್ದೇನು? ದವಾಖಾನಿಗೆ ತೋರಿಸ್ರಿ."

ಆಕಿ ಮಾರಿ ಬಿಗಿ ಆತು. "ಪೆಟ್ಟಿಗಿ ಚಲೋ ಅದಾವ ಅಂತಲ್ರೀ."

"ಪೆಟ್ಟಿಗಿ ತಪ್ಪು ಹೇಳೇತಿ."

"ಹೆಂಗ ತಪ್ಪು ಹೇಳತೈತ್ರಿ? ಅದರಾಗ ಮಾತಾಡಿದಾಕಿ ನೀವ ಅಲ್ಲೇನು?"

ನನ್ನ ದನಿಯೇ ನನ್ನ ಎದುರು ಸಾಕ್ಷಿ ಹೇಳಾಕತ್ತಿತ್ತು. ಮಣಿ ಪೋಣಿಸೋ ಹೆಣ್ಮಗಳ ಕಣ್ಣು ಹೋದ್ರ ಏನು ಉಳೀತು? ಹೋಗಬ್ಯಾಡ ಅಂತ ನನ್ನ ಬಾಯಿಲೆನ ಹೇಳಿ ಆಗಿತ್ತು. ಪೆಟ್ಟಿಗಿ ಹೇಳಿದ್ದನ್ನ ಪೆಟ್ಟಿಗಿನ ಹಿಂದಕ್ಕ ತಗೋಬೇಕು. ಪೆಟ್ಟಿಗಿ ಇದ್ದ ಪಡಸಾಲಿಗೆ ಕೀಲಿ, ಕೀಲಿ ಇದ್ದಾಕಿಗೆ ನಿದ್ದಿ. ಅವರೆಲ್ಲಾರೂ ಹೊಳ್ಳಿ ಬರೂದು ನಾಳೆ ಮುಂಜಾನೆ, ಬೋಣಿ ಆಗೂಕಿಂತ ಮೊದಲ.

ಮರುದಿನ, ಬೋಣಿ

ಪಾವಿನ ಹಾರ್ನ್ ಕೇಳೂಕಿಂತ ಮೊದಲ ಎದ್ದು, ಕೈಯಾಗ ರೊಕ್ಕ ಹಿಡಕೊಂಡು ಪಡಸಾಲಿ ಮೆಟ್ಟಲ ಮ್ಯಾಲೆ ಕುಂತೆ. ನೀಲವ್ವ ಬಂದಳು. "ಆ ನೀಲಿ ಕಾಲ್ಸರ ಕೊಡ್ರಿ, ನಾನ ತಗೋತೇನಿ," ಅಂದೆ. ಆಕಿ ಬೆಲಿ ಹೇಳಿದಳು. ಹೇಳಿದಷ್ಟೂ ಮುಂದ ಹಿಡದೆ.

ಆಕಿ ರೊಕ್ಕ ಮುಟ್ಟಲಿಲ್ಲ. "ಹಿಂಗ ಹೆಂಗ್ರಿ? ಸ್ವಲ್ಪರ ಕಡಿಮಿ ಕೇಳ್ರಿ. ಬೋಣಿ ಅಂದ್ರ ವ್ಯಾಪಾರದಂಗ ಇರಬೇಕು, ದಾನದಂಗ ಅಲ್ಲ."

ನಾನು ಅರ್ಧ ಕೇಳಿದೆ. ಆಕಿ ಎದಿ ಬಡಕೊಂಡಳು. ನಾನು ಎದ್ದು ಹೋಗೋ ನಾಟಕ ಮಾಡಿದೆ, ಆಕಿ ಸೆರಗು ಹಿಡದು ಕುಂಡ್ರಿಸಿದಳು. ಫಿಲೋಮೆನಾಬಾಯಿ ಕಿಟಕಿಯೊಳಗಿಂದ ನಮ್ಮಿಬ್ಬರನ್ನ ನೋಡಿ ಪೊಲೀಸರನ್ನ ಕರೀಲೇನು ಅಂತ ಕೇಳಿದಳು. ಕಡೀಕ ಒಂದು ಬೆಲಿಗೆ ಇಬ್ಬರೂ ಬಂದ್ವಿ. ನೀಲವ್ವ ನೋಟು ಕಣ್ಣಿಗೊತ್ತಿಕೊಂಡು, ಗೊಂಚಲಿಗೆಲ್ಲಾ ಮುಟ್ಟಿಸಿ, ನನ್ನ ಕಾಲಿಗೆ ತಾನ ಸರ ಕಟ್ಟಿದಳು. ಗಂಟು ಹಾಕೂ ಮುಂದ ದಾರದ ತುದಿಯನ್ನ ಬೆರಳಿಲೆ ತಡವಿ ತಡವಿ ಹುಡುಕಿದಳು.

"ಈಗ ಒಂದ ಸಲ ಪೆಟ್ಟಿಗಿ ಮುಂದ ಕುಂಡ್ರಿ," ಅಂದೆ. "ನನ್ನ ಸಲುವಾಗಿ."

ಕುಂತಳು. ಮಣಿ ಸಾಲು ಬಂತು. "ಈ ಮಣಿ ಮತ್ತು ಇವುಗಳ ಬಣ್ಣ ನಿಮಗ ಸ್ವಚ್ಛ ಕಾಣತಾವೇನು?" ಅಂತು ನನ್ನ ದನಿ. ಬೋಣಿ ಆಗಿತ್ತು, ಇನ್ನ ಅಡ್ಡಿ ಇರಲಿಲ್ಲ. ಆದ್ರೂ ಆಕಿ ಬೆರಳು ನಡುವ ನಿಂತಿತು. ನಾನೂ ಬಾಯಿ ಬಿಡಲಿಲ್ಲ. ಅವತ್ತು ಸಂಜೀವ ಸರ್ ಅಪ್ಪಣೆಗೆ ಅಲ್ಲ, ಆ ಮಾತು ಆಕಿನ ಹೇಳಬೇಕಾಗಿತ್ತು.

ಆಕಿ ಕೆಂಪು ಗುಂಡಿ ಮುಟ್ಟಿದಳು. "ಕಣ್ಣಿನ ಡಾಕ್ಟರರಿಗೆ ತೋರಿಸಬೇಕು. ಹತ್ತಿರದ ದವಾಖಾನಿ ಮಡಗಾಂವಿನ್ಯಾಗ ಐತಿ," ಅಂತು ಪೆಟ್ಟಿಗಿ.

"ಗೊತ್ತಿತ್ರೀ ಅಕ್ಕಾರ," ಅಂದಳು ನೀಲವ್ವ, ನನ್ನ ಕಡೆ ನೋಡದ. "ಹೋದ ಸೀಜನ್ನಿನಿಂದ ಎಲ್ಲಾ ಹೊಗಿ ಹೊಗಿ ಕಾಣತೈತಿ. ಬೋಣಿ ಒಂದು ನೆಪಾರೀ. ನಮ್ಮವ್ವಂದೂ ಹಿಂಗ ಚಾಲೂ ಆಗಿತ್ತು. ಕಣ್ಣು ಹೋಗಿ ಮೂಲ್ಯಾಗ ಕುಂತಳು, ಅಲ್ಲೇ ಹೋದಳು. ಇಲ್ಲ ಅಂದ್ರ ನಾನೂ ಹಂಗ ಕುಂಡ್ರತೇನೇನೋ ಅಂತ ಅಂಜಿಕಿ." ಸೆರಗಿಲೆ ಕಣ್ಣು ಒರಸಿಕೊಂಡಳು. ನಾನೂ ಒರಸಿಕೊಂಡೆ.

ಮಡಗಾಂವ್, ಮತ್ತೊಮ್ಮೆ

ಆ ದಿನದ ಬಸ್ಸಿಗೆ ಇಬ್ಬರೂ ಕೂಡೇ ಹೋದ್ವಿ, ಪೆಟ್ಟಿಗಿ ನಮ್ಮಿಬ್ಬರ ನಡುವ. ದಾರಿಯುದ್ದಕ್ಕೂ ಆಕಿ ಕಿಟಕಿ ಹೊರಗಿನದು ನನ್ನ ಕಡೆ ಹೇಳಿಸಿಕೊಂಡಳು. ಅದೇನು? ಚರ್ಚು. ಅದು? ಗೇರಿನ ಗಿಡ. ಡಾಕ್ಟರು ಮೋತಿಬಿಂದು, ಕಣ್ಣಿಗೆ ಪೊರಿ ಬಂದೈತಿ ಅಂದ್ರು. ಆಪರೇಷನ್ ಮಾಡಿದ್ರ ಹೊಗಿ ಹೋಗತೈತಿ ಅಂದ್ರು. ನೀಲವ್ವ ಅವರನ್ನ ಮತ್ತ ಮತ್ತ ಕೇಳಿದಳು, ಅವರು ಪಾಪ ಮತ್ತ ಮತ್ತ ಹೇಳಿದ್ರು. ಆಕಿಯ ಮಗ ಬಂದು ಆಕಿ ಬಾಜೂ ಕುಂತ ಮ್ಯಾಲೆ ನಾನು ಸ್ಟೇಷನ್ನಿಗೆ ಹೊಂಟೆ. ದವಾಖಾನಿ ಬಾಗಲದಾಗ ನಿಂತು "ಹೋಗತೇನಿ" ಅಂದೆ. ಕಣ್ಣು ನೆಟ್ಟಗ ಕಾಣದಿದ್ರೂ ಆಕಿ ಕೈ ಗುರಿ ತಪ್ಪಲಿಲ್ಲ, ನನ್ನ ಬೆನ್ನ ಮ್ಯಾಲೆ ಒಂದು ಬಿತ್ತು. "ಬರತೇನಿ ಅನ್ರಿ!"

ಧಾರವಾಡದಾಗ ಸಂಜೀವ ಸರ್ ಮೊದಲ ಒಪ್ಪಲಿಲ್ಲ. ಗುಂಡಿ ಸರಿ ಅದಾವ, ಮಂದಿ ತಪ್ಪು ಅಂದ್ರು. ಹಂಗಾರ ಮಂದಿಯನ್ನ ಬದಲಿ ಮಾಡೋ ಖರ್ಚಿಗೆ ಮ್ಯಾಲಿನವರಿಗೆ ಬರೀರಿ ಅಂದೆ. ಆಮ್ಯಾಲೆ ಕುಂತು ಎಲ್ಲಾ ಪ್ರಶ್ನೆ ತಿದ್ದಿದ್ವಿ. ಕಣ್ಣಿಂದಕ್ಕ ಈಗ ಎರಡು ಚಿತ್ರ, ಒಂದರಾಗ ಮಣಿ ಸ್ವಚ್ಛ, ಇನ್ನೊಂದರಾಗ ಹೊಗಿ ಹೊಗಿ. ನಿಮಗ ಯಾವುದರಂಗ ಕಾಣತೈತಿ, ಅದನ್ನ ಮುಟ್ರಿ. ಇಲ್ಲ ಅನ್ನೋ ಮಾತ ಬ್ಯಾಡ. ಪೆಟ್ಟಿಗಿ ಬಂದ್ ಮಾಡೋ ಗುಂಡಿ ಮ್ಯಾಲಿನ "ಮುಚ್ಚು" ತಗದು "ಬರತೇನಿ" ಅಂತ ಬರೆಸಿದೆ.

ಮಳಿ ಮುಗಿದ ಮ್ಯಾಲೆ

ಹೊಸ ಸೀಜನ್ನಿಗೆ ಹೊಸ ಪ್ರಶ್ನೆ ತುಂಬಿಸಿದ ಪೆಟ್ಟಿಗಿ ತಗೊಂಡು ಮತ್ತ ಕಾಣಕೋಣಕ್ಕ ಹೋದೆ. ನೀಲವ್ವನ ಕಣ್ಣು ಹೆಂಗದಾವೋ ಅಂತ ದಾರಿಯುದ್ದಕ್ಕೂ ಜೀವ ಹಿಡಿಯಷ್ಟು ಆಗಿತ್ತು. ಊರಿಗೆ ಹೋಗೂ ಮೊದಲ ಆಪರೇಷನ್ ಆತಂತ ಗೊತ್ತಿತ್ತು, ಮುಂದಿನದು ಗೊತ್ತಿರಲಿಲ್ಲ. ಫಿಲೋಮೆನಾಬಾಯಿ ಮೀನು ತಗದ ಸಾರಿನಿಂದ ನನ್ನನ್ನ ಸ್ವಾಗತಿಸಿದಳು.

ಮುಂಜಾನೆ ಮೆಟ್ಟಲ ಮ್ಯಾಲೆ ಕುಂತಿದ್ದೆ. ದೂರದಿಂದ ನೀಲವ್ವ ಬಂದಳು, ಹೆಗಲ ಮ್ಯಾಲೆ ಗೊಂಚಲು, ಎದುರಿಗೆ ನೋಡಕೋತ. ಗೇಟಿನ ಹೊರಗಿಂದನ ಆಕಿ ನೋಟ ನನ್ನ ಕಾಲಿಗೆ ಬಿತ್ತು. ನಿಂತಳು. ಮೊದಲ ನಮಸ್ಕಾರ ಇಲ್ಲ, ಆರಾಮದೀರೇನ್ರಿ ಅನ್ನೋದಿಲ್ಲ.

"ಅಯ್ಯಯ್ಯ, ಆ ಕಾಲ್ಸರ ಯಾರು ಪೋಣಿಸ್ಯಾರ್ರೀ? ನೀಲಿ ನಡುವ ಹಸಿರು, ಅಲ್ಲೊಂದು ಕರೀದು!" ಓಡಿ ಬಂದು ಕೆಳಗ ಕುಂತು ಸರ ಹಿಡದು ನೋಡಿದಳು. "ನಂದಾ? ಖರೇನ ನಂದಾ? ಇದನ್ನ ಕಟ್ಟಿಕೊಂಡು ಧಾರವಾಡ ತುಂಬ ಅಡ್ಡಾಡೀರಿ? ನನ್ನ ಮಾನ ಹೋತಲ್ರೀ! ತಗೀರಿ. ಬದಲಿ ಚಲೋದು ಕೊಡತೇನಿ."

ಕಣ್ಣು ತುಂಬಿ ಬಂತು. ಆ ಸರ ನಾನು ಕೊಡಾಕಿ ಅಲ್ಲ. ಇಲ್ಲ ಅನ್ನಾಕ ಬಾಯಿ ತಗದೆ, ಸೂರ್ಯ ಇನ್ನ ಈಗ ಮ್ಯಾಲೆ ಬರಾಕತ್ತಿದ್ದ. ಗೊಂಚಲು ತುಂಬಿತ್ತು, ಬೋಣಿ ಆಗಿರಲಿಲ್ಲ.

"ಹೌದ್ರಿ ನೀಲವ್ವಾ," ಅಂದೆ, ಕಾಲು ಸೀರಿ ಒಳಗ ಎಳಕೊಂಡು.